ತಾಯಿಗೆ ಹೇಳಿ ಒಯ್ಯಬೇಕು

ಕೆಂಚಿ ಮುಂದೆ ತಟ್ಟೆ ಇಟ್ಟರೆ ಸುಮ್ಮನೆ ಬಾಯಿ ಹಾಕುವ ಜಾತಿಯಲ್ಲ ಅದು. ಮೊದಲು ಸಿದ್ದಗಂಗಮ್ಮನ ಮುಖ ನೋಡುವುದು. ಆಮೇಲೆ ಅವಳ ಹೆಗಲಾಚೆ ನೋಡುವುದು. ಅಲ್ಲಿ ನಿಂತ ಯಾರೋ ಏನೋ ಹೇಳಿದ್ದನ್ನು ಕೇಳಿಸಿಕೊಂಡ ಹಾಗೆ ಕಿವಿ ನಿಮಿರಿಸಿ, ಬಾಲ ಒಂದು ಸಲ ಆಡಿಸಿ, ಆಮೇಲೆ ಉಣ್ಣುವುದು. ಮಟಮಟ ಮಧ್ಯಾಹ್ನ, ಮಧುಗಿರಿ ಬೆಟ್ಟದ ಬಂಡೆ ಕಾದು ಇಡೀ ಊರಿಗೆ ಝಳ ಹೊಡೆಯುವ ಹೊತ್ತಿನಲ್ಲಿ, ಯಾರೂ ಇಲ್ಲದ ಪಡಸಾಲೆಯಲ್ಲಿ, ನಾಯಿ ನಿಮ್ಮ ಬೆನ್ನ ಹಿಂದೆ ಯಾರನ್ನೋ ನೋಡಿ ಬಾಲ ಆಡಿಸಿದರೆ ಎಂಥ ಗಟ್ಟಿಗಿತ್ತಿಗೂ ಮೈ ಜುಮ್ಮೆನ್ನುತ್ತದೆ.

ಯಾರೋ ಅಂತ ಯಾಕೆ ಮುಚ್ಚುಮರೆ. ಮರುಳಸಿದ್ದಯ್ಯನೇ. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಫೋಟೋ ಫ್ರೇಮ್ ಹಾಕುವ ಅಂಗಡಿ ಇಟ್ಟಿದ್ದವನು, ಸಿದ್ದಗಂಗಮ್ಮನ ಗಂಡ. ಊರಿನಲ್ಲಿ ಸತ್ತವರ ಮುಖಕ್ಕೆಲ್ಲ ಗಾಜು ಹಾಕಿ ಕೊಟ್ಟವನು, ಸಂಕ್ರಾಂತಿ ಕಳೆದ ವಾರ ತಾನೇ ಎದೆ ಹಿಡಿದುಕೊಂಡು ಅಂಗಡಿಯಲ್ಲಿ ಕುಸಿದು, ಅವತ್ತೇ ಹೋಗಿಬಿಟ್ಟ. ಹಿಂದೆ ಯಾವನೋ ಪುಣ್ಯಾತ್ಮ ವಿಷ ಹಾಕಿ ಮನೆಯ ನಾಯಿಯೊಂದನ್ನು ಕೊಂದಿದ್ದರಿಂದ, ಮರುಳಸಿದ್ದಯ್ಯ ಕೆಂಚಿಗೆ ಮರಿಯಾಗಿದ್ದಾಗಲೇ ಕಲಿಸಿದ್ದ. ಯಾರೇ ಏನೇ ಇಡಲಿ, ತಾನು 'ತಗಳವ್ವ' ಅಂದರೆ ಮಾತ್ರ ತಿನ್ನಬೇಕು. ಅವನು ಹೋದ ಮೇಲೆ ಇದು ಉಪವಾಸ ಬಿದ್ದು ಸಾಯುತ್ತೆ ಅಂತ ಬೀದಿಯವರೆಲ್ಲ ಮಾತಾಡಿಕೊಂಡರು. ಸಾಯಲಿಲ್ಲ. ಹೆಗಲಾಚೆ ನೋಡಿ ತಿನ್ನತೊಡಗಿತು.

ಸಿದ್ದಗಂಗಮ್ಮ ಒಂದು ದಿನವೂ ಹಿಂದಕ್ಕೆ ತಿರುಗಿ ನೋಡಲಿಲ್ಲ. ಅವಳಿಗೆ ಹೆದರಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತಿತ್ತು. 'ಜೀವಮಾನವೆಲ್ಲ ಬೇಯಿಸಿ ಹಾಕಿದೋಳು ನಾನು, ಕಾಣಿಸ್ಕೊಳಾದು ನಾಯಿಗಾ' ಅಂತ ಒಲೆ ಮುಂದೆ ಕೂತು ಬೈಯುವಳು. ತಿರುಗಿದರೆ ಅವನು ಇದ್ದುಬಿಟ್ಟರೆ ಅನ್ನುವುದು ಒಂದು ಭಯ. ಇಲ್ಲದೇ ಹೋದರೆ ಅನ್ನುವುದು ಇನ್ನೂ ದೊಡ್ಡ ಭಯ. ಮಣ್ಣಿಗೆ ಬಂದವರು 'ಗಂಗಮ್ಮ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ ನೋಡು' ಅಂತ ಆಡಿಕೊಂಡಿದ್ದರು. ದಿನಾ ಮಧ್ಯಾಹ್ನ ಬೆನ್ನ ಹಿಂದೆ ಬಂದು ನಿಲ್ಲುವವನಿಗೆ ಹೇಗೆ ಅಳುವುದು ಹೇಳಿ.

ಈ ಮನೆಯ ನಾಯಿಗಳ ಕತೆ ಹಳೆಯದು. ಮರುಳಸಿದ್ದಯ್ಯನ ತಾತ ನಿಡುಗಲ್ಲಿನಿಂದ ಒಂದು ಹೆಣ್ಣುಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದದ್ದು ಮೊದಲು. ಸಣ್ಣ ಹೊಟ್ಟೆ, ಉದ್ದ ಮೂತಿ, ಇಟ್ಟಿಗೆ ಬಣ್ಣ. ಅದರ ಮಗಳು, ಮಗಳ ಮಗಳು ಅಂತ ಒಂದೇ ಬಳ್ಳಿ ಕೆಂಚಿಯವರೆಗೆ ಬಂದಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಮರಿ ಹಾಕಿಸುವುದು, ಸಾಕುವವರಿಗೆ ಕೊಡುವುದು, ಒಂದು ಹೆಣ್ಣನ್ನು ಮನೆಗೆ ಉಳಿಸಿಕೊಳ್ಳುವುದು, ಅಷ್ಟೇ. ದುಡ್ಡಿನ ಮಾತೇ ಇಲ್ಲ. ಮರಿ ಬೇಕೆಂದವರು ಒಂದು ಅಚ್ಚು ಬೆಲ್ಲ ತರಬೇಕು. ತಾಯಿ ಮುಂದೆ ಕುಕ್ಕರಗಾಲಲ್ಲಿ ಕೂತು 'ನಿನ್ನ ಕೂಸ್ನ ನಾನು ಒಯ್ತೀನಿ ಕಣವ್ವ' ಅಂತ ಬಾಯಿಬಿಟ್ಟು ಹೇಳಿ, ಅಂಗೈಯಲ್ಲಿ ಬೆಲ್ಲ ಹಿಡಿಯಬೇಕು. ಮರುಳಸಿದ್ದಯ್ಯ 'ತಗಳವ್ವ' ಅಂದು ಎದ್ದು ಆಚೆಗೆ ಹೋಗಿಬಿಡುವನು. ತಿನ್ನುವುದು ಬಿಡುವುದು ಅದರ ಇಷ್ಟ. ತಿಂದರೆ ಮರಿ ಅವರದು, ಇಲ್ಲದಿದ್ದರೆ ಬೆಲ್ಲ ವಾಪಸ್ಸು. ಕಾರಿನಲ್ಲಿ ಬಂದ ಒಬ್ಬ ದೊಡ್ಡ ಮನುಷ್ಯ ಮೂರು ಸಲ ಬೆಲ್ಲ ಹಿಡಿದು, ಮೂರು ಸಲವೂ ಕೆಂಚಿ ಮುಖ ತಿರುಗಿಸಿ, ಆತ ಪಂಚೆ ಕೊಡವಿಕೊಂಡು ಎದ್ದುಹೋದದ್ದನ್ನು ಬೀದಿಯಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಹೇಳದೆ ಒಯ್ದರೆ ತಾಯಿ ಹುಡುಕುವುದನ್ನು ನಿಲ್ಲಿಸುವುದಿಲ್ಲ ಅನ್ನುವುದು ಆ ಮನೆಯ ನಂಬಿಕೆ.

ಹಿಂಗಿರುವಾಗ ಕಾನೂನು ಬಂತು. ಮರಿ ಹಾಕಿಸಿ ಹೊರಗೆ ಕೊಡುವವರೆಲ್ಲ ನೋಂದಣಿ ಮಾಡಿಸಬೇಕು. ನಾಯಿಯ ಚರ್ಮದೊಳಗೆ ಚಿಪ್ ಹಾಕಿಸಬೇಕು. ಬಾಣಂತಿಗೆ ಬೇರೆ ಕೋಣೆ ಇರಬೇಕು. ತಪಾಸಣೆಗೆ ಬಂದವರಿಗೆ ಎಲ್ಲ ತೋರಿಸಬೇಕು. ಪೇಟೆಗಳಲ್ಲಿ ನಾಯಿಗಳನ್ನು ಪಂಜರದಲ್ಲಿ ಕೂಡಿಹಾಕಿ ಬಿಡುವೇ ಇಲ್ಲದೆ ಮರಿ ಹಾಕಿಸಿ ಮಾರುವ ಕಟುಕರಿದ್ದಾರಲ್ಲ, ಅವರನ್ನು ಹಿಡಿಯಲಿಕ್ಕೆಂದು ಮಾಡಿದ್ದು, ತಪ್ಪೇನಿಲ್ಲ. ಆದರೆ ಅಂಥವರು ವಕೀಲರನ್ನಿಟ್ಟುಕೊಂಡು, ಬೋರ್ಡು ತೂಗುಹಾಕಿಕೊಂಡು ಆರಾಮಾದರು. ಕಾಲಿಗೆ ತೊಡರಿಕೊಂಡಿದ್ದು ಇಂಥ ಒಂದು ನಾಯಿಯ ಮನೆಯವರಿಗೆ. 'ನನ್ನ ಹೆಂಡ್ತಿ ಬಾಣಂತನಕ್ಕೇ ಬ್ಯಾರೆ ಕೋಣೆ ಇರ್ನಿಲ್ಲ, ಇವಳಿಗೆ ಕಟ್ಟುಸ್ಬೇಕಂತೆ ಕಣ್ಲಾ' ಅಂತ ನಗಾಡಿಕೊಂಡೇ ಮರುಳಸಿದ್ದಯ್ಯ ಹಿತ್ತಿಲಲ್ಲಿ ತಗಡಿನ ಕೋಣೆ ಎಬ್ಬಿಸಿ, ಅರ್ಜಿ ಹಾಕಿ ಬಂದಿದ್ದ. ತಪಾಸಣೆಯವರು ಬರುವ ಮೊದಲೇ ಅವನು ಹೋದ. ಸತ್ತವನ ಹೆಸರಿನ ಅರ್ಜಿ ನಡೆಯೋದಿಲ್ಲ ಅಂದರು. ಕೆಂಚಿ ಆಗಲೇ ಬಸುರಿ.

ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಹೆಂಡತಿಯ ತೊಡೆ ಮೇಲೆ ತಲೆ ಇಟ್ಟುಕೊಂಡು ಅವನು ಹೇಳಿದ್ದು ಒಂದೇ ಮಾತು. 'ಬಳ್ಳಿ ಕಡಿಯಾಕೆ ಬುಡಬ್ಯಾಡ ಗಂಗೂ.' ತನ್ನ ಬಗ್ಗೆ ಅಲ್ಲ, ಮಗಳ ಬಗ್ಗೆ ಅಲ್ಲ, ನಾಯಿ ಬಗ್ಗೆ. ಸಿದ್ದಗಂಗಮ್ಮನಿಗೆ ಆ ಮಾತು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಕೆಂಚಿ ಮೂರು ಮರಿ ಹಾಕಿತು, ಎರಡು ಗಂಡು, ಒಂದು ಹೆಣ್ಣು. ಕೆಂಚಿಗೆ ವಯಸ್ಸಾಗಿತ್ತು. ಇನ್ನೊಂದು ಸಲ ಮರಿ ಹಾಕಿಸಲು ಕಾನೂನೂ ಒಪ್ಪುತ್ತಿರಲಿಲ್ಲ, ಅದರ ಮೈಯೂ ಒಪ್ಪುತ್ತಿರಲಿಲ್ಲ. ಬಳ್ಳಿಯೆಂದರೆ ಇನ್ನು ಆ ಹೆಣ್ಣುಮರಿಯೊಂದೇ.

ಸುದ್ದಿ ತಂದವನು ಅಹಮದ್ ಷರೀಫ್. ಸಿರಾದಲ್ಲಿ ಗಾಜು ಕೊಯ್ಯುವ ಅಂಗಡಿ ಅವನದು. ಫ್ರೇಮಿಗೆ ಗಾಜು ತಂದುಕೊಡುತ್ತಾ ಮರುಳಸಿದ್ದಯ್ಯನ ಗೆಳೆಯನಾದವನು. ಈ ಮರಿಗಳ ಅಪ್ಪ ಅವನ ಗಂಡುನಾಯಿಯೇ. ಮನೆಯಲ್ಲಿ ನಮಾಜ್ ಮಾಡುವ ಜಾಗ, ನಾಯಿ ಹೊಸ್ತಿಲು ತುಳಿಯಕೂಡದು ಅಂತ ಹೆಂಡತಿ ಅಮೀರ್ ಬಿ ಕಟ್ಟಪ್ಪಣೆ ಮಾಡಿದ್ದರಿಂದ ಅದನ್ನು ಅಂಗಡಿಯ ಹಿಂದೆ ಸಾಕಿಕೊಂಡಿದ್ದ. ಅವತ್ತು ವ್ಯಾನಿನಿಂದ ಗಾಜು ಇಳಿಸದೆಯೇ ಒಳಗೆ ಬಂದ.

'ಭಾಬಿ, ಯಾರೋ ದೂರು ಕೊಟ್ಟವ್ರೆ. ನಾಳೆ ಬರ್ತಾರಂತೆ. ನೋಂದಣಿ ಇಲ್ದಿದ್ರೆ ತಾಯಿ ಮರಿ ಎಲ್ಲಾನೂ ಗಾಡೀಲಿ ತುಂಬ್ಕೊಂಡು ಹೋಗ್ತಾರಂತೆ. ಹೆಣ್ಣುಗಳಿಗೆಲ್ಲ ಆಪರೇಷನ್ ಮಾಡ್ಬುಡ್ತಾರಂತೆ.'

ಬರೀ ಅಂತೆ. ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೆ ಹೆದರಿದವರಿಗೆ ಅಂತೆಯೇ ಸಾಕು. ಮರಿಗಳಿಗೆ ಇನ್ನೂ ಐದು ವಾರ, ಮೊಲೆ ಬಿಟ್ಟಿರಲಿಲ್ಲ. ಒಂದನ್ನು ಕೊರಟಗೆರೆಯಲ್ಲಿರುವ ಮಗಳು ಮಾನಸಳ ಮನೆಗೆ, ಒಂದನ್ನು ಸಿರಾಕ್ಕೆ, ಹೆಣ್ಣನ್ನು ಮಾತ್ರ ಎಲ್ಲರಿಗಿಂತ ದೂರ, ಪಾವಗಡದಾಚೆ ತಿರುಮಣಿಗೆ ಕಳಿಸೋದು ಅಂತಾಯಿತು. ಅಲ್ಲಿ ಸೋಲಾರ್ ಪಾರ್ಕಿನ ಬೇಲಿ ಕಾಯುವ ದೊಡ್ಡರಂಗಪ್ಪ ಷರೀಫನಿಗೆ ಬೇಕಾದವನು. ಅಷ್ಟು ದೂರ ಯಾವ ಆಫೀಸರೂ ಹುಡುಕಿಕೊಂಡು ಹೋಗಲಾರ. ಬಳ್ಳಿ ಉಳಿಯಬೇಕಲ್ಲ.

ಕೆಂಚಿಯನ್ನು ತಗಡಿನ ಕೋಣೆಗೆ ನೂಕಿ ಅಗುಳಿ ಹಾಕಿದಳು. ಮರಿಗಳು ಕಿರುಚತೊಡಗಿದವು. ಏನು ಮಾಡುವುದು ತಿಳಿಯದೆ, ಗೂಟದಲ್ಲಿ ನೇತಾಡುತ್ತಿದ್ದ ಮರುಳಸಿದ್ದಯ್ಯನ ಹಸಿರು ಅಂಚಿನ ಟವಲ್ಲನ್ನು ಪರಪರ ಹರಿದು, ಒಂದೊಂದು ತುಂಡಿನಲ್ಲಿ ಒಂದೊಂದು ಮರಿಯನ್ನು ಸುತ್ತಿದಳು. ಅವನು ಸತ್ತ ಮೇಲೆ ಅವಳು ಒಗೆಯದೆ ಇಟ್ಟುಕೊಂಡಿದ್ದ ಬಟ್ಟೆ ಅದು. ಆ ವಾಸನೆಗೆ ಮರಿಗಳು ಸುಮ್ಮನಾದವು. ಕೋಣೆಯ ಸರಳಿನ ಹಿಂದೆ ಕೆಂಚಿ ನಿಂತು ಎಲ್ಲವನ್ನೂ ನೋಡುತ್ತಿತ್ತು.

'ಬೆಲ್ಲ ಕೊಡ್ಬೇಕಲ್ವಾ ಭಾಬಿ, ತಾಯಿಗೆ' ಅಂದ ಷರೀಫ್.

'ಕೊಡ್ತಿದೀವಾ ನಾವು? ಬಚ್ಚಿಡ್ತಿದೀವಿ ಅಷ್ಟೆ. ಎಂಟು ದಿನ ಕಳದ್ರೆ ಇಲ್ಲೇ ಇರ್ತವೆ. ನಡಿ ನಡಿ' ಅಂದಳು ಸಿದ್ದಗಂಗಮ್ಮ. ಬೆಲ್ಲದ ಡಬ್ಬ ಕೈಗೆಟುಕುವಷ್ಟರಲ್ಲೇ ಇತ್ತು.

ಮರುದಿನ ಬಂದವಳು ಒಬ್ಬಳು ಎಳೆ ವಯಸ್ಸಿನ ಪಶುವೈದ್ಯೆ. ಜೋರಿಲ್ಲ, ಗದರಿಕೆಯಿಲ್ಲ. ಕೆಂಚಿಯ ಪಕ್ಕ ನೆಲದ ಮೇಲೆ ಕೂತು ಹೊಟ್ಟೆ ಮುಟ್ಟಿ ನೋಡಿದಳು. 'ಹಾಲು ಕಟ್ಟಿಕೊಂಡು ಬಿಗಿದಿದೆ. ಮರಿ ಎಲ್ಲಮ್ಮ?'

'ಸತ್ತೋದ್ವು' ಅಂದುಬಿಟ್ಟಳು ಸಿದ್ದಗಂಗಮ್ಮ. ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡಳು. ಕೆಟ್ಟ ಮಾತಾಡಿದಾಗ ಮೇಲೆ ಓಡಾಡುವ ದೇವತೆಗಳು ಅಸ್ತು ಅಂದುಬಿಡುತ್ತಾರೆ ಅಂತ ಅವಳ ತಾಯಿ ಹೇಳುತ್ತಿದ್ದದ್ದು ನೆನಪಾಯಿತು.

ಆ ಹುಡುಗಿ ಕೆಂಚಿಯ ತಲೆ ಸವರಿದಳು. 'ಕಾನೂನು ಅಂದ್ರೆ ಹೆದರ್ತೀರ. ಎಂಟು ವಾರ ತುಂಬೋವರೆಗೂ ಮರೀನ ತಾಯಿಯಿಂದ ಬಿಡಿಸಬಾರದು ಅಂತಾನೇ ಅಮ್ಮ ಕಾನೂನು ಇರೋದು. ನಿಮ್ಮ ಹೆಸರಲ್ಲಿ ಹೊಸದಾಗಿ ಅರ್ಜಿ ಕೊಡಿ, ಕೋಣೆ ಚೆನ್ನಾಗಿದೆ, ನಾನೇ ಬರೆದುಕೊಡ್ತೀನಿ ಅಂತ ಹೇಳೋಕೆ ಬಂದಿದ್ದೆ.' ಹೊರಡುವಾಗ ಫೋನ್ ನಂಬರು ಕೊಟ್ಟಳು. 'ಮರಿ ಬದುಕಿದ್ದರೆ ಫೋನ್ ಮಾಡಿ. ನಾನು ಬೈಯೋದಿಲ್ಲ.'

ಸಿದ್ದಗಂಗಮ್ಮನಿಗೆ ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕು ಗೊತ್ತಾಗಲಿಲ್ಲ. ಯಾರಿಗೆ ಹೆದರಿ ಮರಿಗಳನ್ನು ಕಿತ್ತು ಕಳಿಸಿದಳೋ ಅವಳೇ ಬಂದು ಕೀಳಬೇಡ ಅಂದಳಲ್ಲ. ಆದರೂ ಆಗಲೇ ಫೋನು ಎತ್ತಿ ನಿಜ ಹೇಳಲು ನಾಚಿಕೆಯಾಯಿತು. ಎರಡು ದಿನ ಹೋಗಲಿ, ಮೆಲ್ಲಗೆ ತರಿಸಿಕೊಂಡರಾಯಿತು ಅಂತ ಸುಮ್ಮನಾದಳು.

ಕೆಂಚಿ ಅನ್ನ ಬಿಟ್ಟಿತು. ಹೆಗಲಾಚೆ ನೋಡುತ್ತಿತ್ತು, ಆದರೆ ಬಾಲ ಆಡಿಸುತ್ತಿರಲಿಲ್ಲ. ಹಲ್ಲು ಬಿಟ್ಟು ಗುರ್ ಅನ್ನುತ್ತಿತ್ತು. ಮರುಳಸಿದ್ದಯ್ಯನ ಮೇಲೆ ಅದು ಒಂದು ದಿನವೂ ಗುರುಗುಟ್ಟಿದ್ದಿಲ್ಲ. ತನ್ನ ಕೂಸುಗಳು ಅವನ ಟವಲಿನಲ್ಲಿ ಹೋದವು, ಅವನೇ ಒಯ್ದ ಅಂತ ಅದು ತಿಳಿದಿದೆ ಅನ್ನುವುದು ಸಿದ್ದಗಂಗಮ್ಮನಿಗೆ ಆಗ ಹೊಳೆಯಿತು. ಅವಳಿಗೆ ಅನ್ನ ಸೇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಮೈದುನನ ಮಗ ಪರಮೇಶ್ ಬೈಕ್ ನಿಲ್ಲಿಸಿ ಒಳಗೆ ಬಂದ. ಬೆಟ್ಟದ ಹಿಂದೆ ಇವರ ಹೊಲದ ಪಕ್ಕದ್ದೇ ಅವನ ಹೊಲ. ಮರುಳಸಿದ್ದಯ್ಯನನ್ನು ಕೂರಿಸಿ ಮಣ್ಣು ಮಾಡಿದ್ದು ಆ ಹೊಲದ ಬದುವಿನಲ್ಲೇ.

'ದೊಡ್ಡಮ್ಮ, ನಿನ್ನ ನಾಯಿ ದೊಡ್ಡಪ್ಪನ ಗದ್ದುಗೆ ಕೆರೀತೈತೆ. ಮೊಣಕೈ ಆಳ ತೋಡ್ಬುಟ್ಟೈತೆ. ಓಡ್ಸಿದ್ರೆ ಮೇಲೇ ಬತ್ತದೆ.'

ಸಿದ್ದಗಂಗಮ್ಮ ಹಿತ್ತಿಲಿಗೆ ಓಡಿದಳು. ತಗಡಿನ ಕೆಳಗೆ ಮಣ್ಣು ಬಗೆದು ಕೆಂಚಿ ಹೋಗಿಬಿಟ್ಟಿತ್ತು.

'ಊರೋರೆಲ್ಲ ಸೇರವ್ರೆ. ಹೆಣ ಬಗಿಯೋ ನಾಯಿ ಇರಬಾರ್ದು ಅಂತಾವ್ರೆ. ನಾಳೆ ಮಧ್ಯಾಹ್ನದ ಗಂಟ ತಡೀತೀನಿ. ಆಮ್ಯಾಕೆ ನನ್ನ ಬೈಬ್ಯಾಡ ದೊಡ್ಡಮ್ಮ, ದೊಣ್ಣೆ ತಗಂಡವ್ರೆ' ಅಂದ ಪರಮೇಶ್. ಅವನು ಕೆಟ್ಟವನೇನಲ್ಲ. ದೊಡ್ಡಪ್ಪನ ಹೆಣ ಮೇಲೆ ಬರಬಾರದು ಅನ್ನುವುದು ಅವನ ಸಂಕಟ.

ಸಿದ್ದಗಂಗಮ್ಮ ಮೊದಲು ಮಾನಸಳಿಗೆ ಫೋನ್ ಮಾಡಿದಳು. ಎತ್ತಿದವಳೇ ಮಾನಸ ತಾನೇ ಶುರುಮಾಡಿದಳು. 'ಅವ್ವಾ, ನಾನೇ ಮಾಡೋಣ ಅಂತಿದ್ದೆ. ದಿನಾ ಮಧ್ಯಾಹ್ನ ಈ ಮರಿ ಬಾಗಿಲಿಗೆ ಓಡಿಹೋಗಿ ಬಾಲ ಆಡಿಸ್ತದೆ. ತೆಗೆದು ನೋಡಿದ್ರೆ ಯಾರೂ ಇಲ್ಲ. ಬಾಗಿಲ ಬುಡದಲ್ಲಿ ಆಚೆ ಕಡೆಯಿಂದ ಉಗುರಲ್ಲಿ ಗೀರಿದ ಗುರುತು ಅವೆ. ಇದನ್ನ ವಾಪಸ್ ತಗೊಂಡು ಬರ್ತೀನಿ.' ಮಾರನೆಯ ಬೆಳಿಗ್ಗೆಯೇ ಮಾನಸ ಬಂದಳು, ಷರೀಫನೂ ತನ್ನ ಮರಿಯನ್ನು ವ್ಯಾನಿನಲ್ಲಿ ಹಾಕಿಕೊಂಡು ಬಂದ. ಅವನ ಗಂಡುನಾಯಿಯೂ ಮಧ್ಯಾಹ್ನವಾದರೆ ಮೂಲೆ ಸೇರಿ ಊಳಿಡುತ್ತಿತ್ತಂತೆ. ಅಮೀರ್ ಬಿ ಕುರಾನಿನ ಆಯತ್ ಓದಿ ನೀರು ಚಿಮುಕಿಸಿದ್ದಳಂತೆ. ಮರಿಯನ್ನು ಮಾನಸಳ ಕೈಗೆ ಕೊಟ್ಟು, ಹೊತ್ತೇರುವ ಮೊದಲು ಸಿದ್ದಗಂಗಮ್ಮ, ಷರೀಫ್ ಇಬ್ಬರೂ ತಿರುಮಣಿಗೆ ಹೊರಟರು.

ಪಾವಗಡ ದಾಟಿದ ಮೇಲೆ ಹೊಲವೇ ಇಲ್ಲ, ಕಣ್ಣು ಹೋದಷ್ಟು ದೂರ ನೀಲಿ ಹಲಗೆಗಳೇ. ಬೇಲಿಯ ಪಕ್ಕದ ತನ್ನ ಗುಡಿಸಲ ಮುಂದೆ ದೊಡ್ಡರಂಗಪ್ಪ ನಿಂತಿದ್ದ. ವ್ಯಾನ್ ನೋಡಿದವನೇ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಸಿದ್ದಗಂಗಮ್ಮನಿಗೆ ಆಗಲೇ ಗೊತ್ತಾಯಿತು.

'ಏಮಿ ಚೇಸ್ತಾಮು ತಲ್ಲೀ, ಏನ್ಮಾಡೋದು. ಹಸುವಿನ ಹಾಲು ಕುಡೀಲಿಲ್ಲ, ಮೇಕೆ ಹಾಲೂ ಮುಟ್ಲಿಲ್ಲ. ಆ ಬಟ್ಟೆ ಕಚ್ಕೊಂಡು ಮಲಗಿಬಿಡ್ತು. ನಿನ್ನೆ ಮಧ್ಯಾಹ್ನ ಪ್ರಾಣ ಹೋಯ್ತು.' ಟವಲಿನ ತುಂಡನ್ನು ಮಡಿಸಿ ಅವಳ ಕೈಗಿಟ್ಟ. ಮಣ್ಣು ಮಾಡಿದ ಜಾಗ ತೋರಿಸಿದ. ಆಮೇಲೆ ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ ಹೇಳಿದ. 'ನಿಮ್ಮೋರು ಯಾರೋ ಬಂದಿದ್ರಲ್ಲಮ್ಮ, ನಿನ್ನೆ. ಒಬ್ಬ ಗಂಡಸು, ಜತೇಲಿ ಕೆಂಪು ನಾಯಿ. ಬೇಲಿ ಪಕ್ಕದಲ್ಲೇ ಹೋಗ್ತಿದ್ರು. ಹೆಗಲ ಮೇಲೆ ಹಸಿರು ಅಂಚಿನ ಟವಲ್ಲು. ಎವರಪ್ಪಾ, ಯಾರಪ್ಪಾ ಅಂದೆ, ತಿರುಗಲಿಲ್ಲ. ಕಂಕುಳಲ್ಲಿ ಏನೋ ಎತ್ತಿಕೊಂಡಿದ್ದ.'

ದೊಡ್ಡರಂಗಪ್ಪ ಮರುಳಸಿದ್ದಯ್ಯನನ್ನು ಕಂಡವನಲ್ಲ. ಅವನು ಸತ್ತದ್ದೂ ಗೊತ್ತಿಲ್ಲ. ಆ ಹೊತ್ತಿನಲ್ಲಿ ಕೆಂಚಿ ಮಧುಗಿರಿಯಲ್ಲಿ ಮಣ್ಣು ಬಗೆಯುತ್ತಿತ್ತು. ಷರೀಫ್ ಬಾಯಲ್ಲೇ ಏನೋ ಓದಿಕೊಂಡು ಎದೆಯ ಮೇಲೆ ಊದಿಕೊಂಡ. ಸಿದ್ದಗಂಗಮ್ಮ ಟವಲಿನ ತುಂಡನ್ನು ಮಡಿಲಲ್ಲಿ ಕಟ್ಟಿಕೊಂಡು ವ್ಯಾನ್ ಹತ್ತಿದಳು. 'ಸತ್ತೋದ್ವು' ಅಂತ ತಾನು ಆಡಿದ ಮಾತು ಮಾತ್ರ ದಾರಿಯುದ್ದಕ್ಕೂ ಕಿವಿಯಲ್ಲಿ ಹೊಡೆಯುತ್ತಿತ್ತು. ಪಾವಗಡದ ಸಂತೆಬೀದಿಯಲ್ಲಿ ಇಳಿದು ಒಂದು ಅಚ್ಚು ಬೆಲ್ಲ ಕೊಂಡಳು. ಮನೆಯ ಡಬ್ಬದ್ದು ಬೇಡವೆನಿಸಿತು. ಮರಿ ಒಯ್ಯುವವರು ಬೆಲ್ಲವನ್ನು ಹೊರಗಿನಿಂದಲೇ ತರಬೇಕು.

ವ್ಯಾನಿನಲ್ಲಿ ಕೂತೇ ಆ ಡಾಕ್ಟರ್ ಹುಡುಗಿಗೆ ಫೋನ್ ಮಾಡಿದಳು. 'ಸತ್ತಿರ್ನಿಲ್ಲ ಕಣಮ್ಮ. ನಾನು ಸುಳ್ಳೇಳ್ದೆ. ಈಗ ಒಂದು ಸತ್ತೋಯ್ತು, ಹೆಣ್ಣು' ಅಂದಳು. ಆ ಕಡೆಯಿಂದ ಬೈಗುಳ ಬರಲಿಲ್ಲ. 'ಉಳಿದವನ್ನ ತಾಯಿ ಹತ್ರ ಬಿಡಿ. ನಾನು ಹೊಲಕ್ಕೇ ಬರ್ತೀನಿ' ಅಂದಳು ಆ ಹುಡುಗಿ.

ಹೊಲ ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ದೊಣ್ಣೆ ಹಿಡಿದ ಐದಾರು ಜನ ಹುಣಸೆಮರದ ನೆರಳಲ್ಲಿ ನಿಂತಿದ್ದರು, ಪರಮೇಶ್ ಅವರಿಗೆ ಅಡ್ಡ ನಿಂತಿದ್ದ. ಡಾಕ್ಟರ್ ಹುಡುಗಿ ಆಗಲೇ ಬಂದು ಅವರ ಜೊತೆ ಮಾತಾಡುತ್ತಿದ್ದಳು. ಬದುವಿನ ಮೇಲೆ ಕೆಂಚಿ ತನ್ನ ಎದೆಮಟ್ಟದ ಗುಂಡಿಯಲ್ಲಿ ನಿಂತು ಇನ್ನೂ ಕೆರೆಯುತ್ತಿತ್ತು. ಉಗುರಿನಿಂದ ರಕ್ತ ಬರುತ್ತಿತ್ತು. ಮಾನಸ ಎರಡು ಗಂಡುಮರಿಗಳನ್ನು ತಂದು ಗುಂಡಿಯ ಅಂಚಿನಲ್ಲಿ ಬಿಟ್ಟಳು. ಕೆಂಚಿ ಮೇಲೆ ಬಂದು ಅವುಗಳನ್ನು ಮೂಸಿತು, ನೆಕ್ಕಿತು, ಮಗ್ಗುಲಾಗಿ ಮಲಗಿ ಮೊಲೆಗೆ ಬಿಟ್ಟುಕೊಂಡಿತು. ಎಲ್ಲರೂ ಉಸಿರು ಬಿಟ್ಟರು. ಅಷ್ಟರಲ್ಲೇ ಮರಿಗಳನ್ನು ಕೊಡವಿಕೊಂಡು ಎದ್ದು, ಮತ್ತೆ ಗುಂಡಿಗಿಳಿದು ಕೆರೆಯತೊಡಗಿತು. ಇನ್ನೊಂದು ಎಲ್ಲಿ.

ಸಿದ್ದಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಗುಂಡಿಯ ಬಾಯಲ್ಲಿ ಕುಕ್ಕರಗಾಲಲ್ಲಿ ಕೂತಳು. ಟವಲಿನ ತುಂಡನ್ನು ಕೆಂಚಿಯ ಮುಂದೆ ಹಾಸಿದಳು. ಅದರ ಮೇಲೆ ಬೆಲ್ಲ ಒಡೆದು, ಒಂದು ಚೂರನ್ನು ಅಂಗೈಯಲ್ಲಿಟ್ಟುಕೊಂಡು ಕೈ ಚಾಚಿದಳು.

'ಅವ್ನಲ್ಲ ಕಣವ್ವ ಒಯ್ದಿದ್ದು. ಅವ್ನ ಮ್ಯಾಲೆ ಸಿಟ್ಟು ಮಾಡ್ಕಬ್ಯಾಡ. ನಾನು ಒಯ್ದೆ. ನಿನ್ನ ಮಗಳ್ನ ನಿಂಗೆ ಹೇಳ್ದೆ ನಾನು ಒಯ್ದೆ. ಅವ್ಳಿನ್ನಿಲ್ಲ.'

ಕೆಂಚಿ ಬಟ್ಟೆಯನ್ನು ಬಹಳ ಹೊತ್ತು ಮೂಸಿತು. ಆಮೇಲೆ ತಲೆಯೆತ್ತಿ ಅವಳ ಮುಖ ನೋಡಿತು. ಸಿದ್ದಗಂಗಮ್ಮ ಕಾದಳು. ಇನ್ನೇನು ಹೆಗಲಾಚೆ ನೋಡುತ್ತೆ, ಬಾಲ ಆಡಿಸುತ್ತೆ, ಅವನು ಹೇಳುತ್ತಾನೆ ಅಂತ ಕಾದಳು. ಬೆನ್ನು ಚುರುಗುಟ್ಟುವ ಹಾಗೆ ಕಾದಳು. ಕೆಂಚಿ ಹೆಗಲಾಚೆ ನೋಡಲಿಲ್ಲ. ಅವಳ ಬಾಯನ್ನೇ ನೋಡುತ್ತಾ ನಿಂತಿತು.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

'ತಗಳವ್ವ' ಅಂದಳು.

ಕೆಂಚಿ ಅವಳ ಅಂಗೈಯಿಂದ ಬೆಲ್ಲ ತಿಂದಿತು. ಕೈಯನ್ನು ನೆಕ್ಕಿ, ಗುಂಡಿಯಿಂದ ಹೊರಗೆ ಬಂದು, ಗಂಡುಮರಿಗಳ ಪಕ್ಕ ಮಲಗಿ ಕಣ್ಣು ಮುಚ್ಚಿತು. ಮರದ ಕೆಳಗಿದ್ದವರು ದೊಣ್ಣೆ ಕೆಳಗೆ ಹಾಕಿ ಒಬ್ಬೊಬ್ಬರಾಗಿ ಹೊರಟುಹೋದರು. ಪರಮೇಶ್ ಗುಂಡಿ ಮುಚ್ಚಲು ಗುದ್ದಲಿ ತಂದ.

ಸಿದ್ದಗಂಗಮ್ಮ ಆಗ, ಅವನು ಹೋದಾಗಿನಿಂದ ಮೊದಲ ಸಲ, ಹಿಂದಕ್ಕೆ ತಿರುಗಿ ನೋಡಿದಳು. ಉತ್ತ ಹೊಲ, ಬದು, ಬೆಟ್ಟದ ಬಂಡೆ. ಯಾರೂ ಇರಲಿಲ್ಲ. ಕಂಕುಳಲ್ಲಿ ಕೂಸು ಎತ್ತಿಕೊಂಡು ಅವನು ಹೋಗಿಯಾಗಿತ್ತು.

ಅವಳು ಗಂಡನ ಗದ್ದುಗೆಯ ಮೇಲೆ ಕೈಯೂರಿ, ಬೆಲ್ಲದ ಜಿಗುಟು ಕೈಯಲ್ಲೇ ಬಾಯಿ ಮುಚ್ಚಿಕೊಂಡು, ಜೋರಾಗಿ ಅತ್ತಳು.